ಗಾನದ ಬೀದಿ

ಊರಿನ ಯಾವ ಕಟ್ಟಡ ತೋರಿಸಿದರೂ ಕಟ್ಟಿದ ಇಸವಿಯನ್ನು ಥಟ್ಟನೆ ಹೇಳುತ್ತಿದ್ದುದರಿಂದ ಅವನು ಎಲ್ಲರ ಬಾಯಲ್ಲೂ ಇಸವಿಯಪ್ಪ. ಮೂವತ್ತು ವರ್ಷ ಸ್ಥಳೀಯ ಪತ್ರಿಕೆಯ ವರದಿಗಾರ. ಭಾನುವಾರಕ್ಕೊಂದು ಊರಿನ ಚರಿತ್ರೆಯ ಅಂಕಣ. ಅದನ್ನೆಲ್ಲ ಸೇರಿಸಿ ಪುಸ್ತಕ ಮಾಡುತ್ತೇನೆಂದು ಹೇಳುತ್ತಲೇ ಇದ್ದ. ಅಷ್ಟರಲ್ಲಿ ಅವನ ಕೈಕೆಳಗೆ ಸುದ್ದಿ ಬರೆಯಲು ಕಲಿತ ಶಿಷ್ಯನೇ ಊರಿನ ಚರಿತ್ರೆ ಬರೆದು ಅಚ್ಚು ಹಾಕಿಸಿ, ಬಿಡುಗಡೆಗೆ ಮೊದಲೇ ಗುರುವಿನ ಮನೆಗೊಂದು ಪ್ರತಿಯನ್ನೂ ಕಳಿಸಿಬಿಟ್ಟ. ಇಸವಿಯಪ್ಪನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು.

"ಓದಿದ್ರಾ? ಚೆನ್ನಾಗಿದೆಯಂತೆ," ಎಂದಳು ಹೆಂಡತಿ.

"ರಟ್ಟು ಚೆನ್ನಾಗಿದೆ."

ತಪ್ಪು ಹುಡುಕಲು ಕೆಂಪು ಪೆನ್ನು ಹಿಡಿದು ಕೂತ. ನೂರು ಪುಟ ದಾಟಿದರೂ ಒಂದೂ ಸಿಗದೆ ಹೊಟ್ಟೆಯುರಿ ಇನ್ನಷ್ಟು ಹೆಚ್ಚಾಯಿತು. ಏಳನೆಯ ಅಧ್ಯಾಯಕ್ಕೆ ಬಂದಾಗ ಕುರ್ಚಿಯಿಂದ ಎದ್ದೇ ನಿಂತ. 'ಗಾನದ ಬೀದಿ: ಗಾಯಕರ ನೆಲೆ'. ಹದಿನಾಲ್ಕು ಪುಟ!

ಆ ಬೀದಿಯಲ್ಲಿ ಗಾಯಕರಿರಲಿ, ನೆಟ್ಟಗೆ ಶಿಳ್ಳೆ ಹಾಕುವವನೂ ಇರಲಿಲ್ಲ. ಎಣ್ಣೆ ತೆಗೆಯುವ ಗಾಣಗಳಿದ್ದ ಗಾಣದ ಬೀದಿ ಅದು. ಇಸವಿಯಪ್ಪನ ತಾತನೇ ಅಲ್ಲಿ ಗಾಣ ನಡೆಸಿದವನು. ಇಪ್ಪತ್ತೆರಡು ವರ್ಷದ ಹಿಂದೆ ಇಸವಿಯಪ್ಪನ ಅಂಕಣದಲ್ಲಿ ಣಕಾರದ ಜಾಗಕ್ಕೆ ನಕಾರ ಬಿದ್ದು 'ಗಾನದ ಬೀದಿ' ಎಂದು ಅಚ್ಚಾಗಿತ್ತು. ತಿದ್ದುಪಡಿ ಹಾಕಿದರೆ ಮರ್ಯಾದೆ ಹೋಗುತ್ತದೆಂದು ತೆಪ್ಪಗಿದ್ದ. ಓದುಗರು ಹೊಗಳಿ ಪತ್ರ ಬರೆದದ್ದೇ ತಡ, ಮುಂದಿನ ವಾರ ಒಬ್ಬ ಕುರುಡ ಗಾಯಕನನ್ನೂ ಹುಟ್ಟಿಸಿಬಿಟ್ಟಿದ್ದ. ಆ ಕುರುಡ ಈಗ ಶಿಷ್ಯನ ಪುಸ್ತಕದಲ್ಲಿ ಮೂರು ಪುಟ ಹಾಡಿದ್ದ. ಇಸವಿಯಪ್ಪನ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

"ನಾಳೆ ಬಿಡುಗಡೆ ಸಭೇಲಿ ಅವನ ಮಾನ ಹರಾಜು ಹಾಕ್ತೀನಿ ನೋಡು."

"ಆ ಸುಳ್ಳು ಹುಟ್ಟಿಸಿದ್ದು ನೀವೇ ಅಲ್ವೇನ್ರೀ?"

"ನನ್ನ ಮರ್ಯಾದೆ ಹೋದ್ರೂ ಪರವಾಗಿಲ್ಲ, ಅವನದು ಉಳೀಬಾರದು."

ಸಭಾಂಗಣ ತುಂಬಿತ್ತು. ಶಿಷ್ಯ ಏಳನೆಯ ಅಧ್ಯಾಯವನ್ನೇ ಓದಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು; ಮುಂದಿನ ಸಾಲಿನ ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು. ಅಳುತ್ತಿರುವುದು ನನ್ನ ಕುರುಡನಿಗೆ, ಚಪ್ಪಾಳೆ ಇವನಿಗೆ! ಇಸವಿಯಪ್ಪ ತಡೆಯಲಾರದೆ ಕೈಯೆತ್ತಿದ.

"ಬನ್ನಿ ಗುರುಗಳೇ. ಏನಾದ್ರೂ ತಪ್ಪಿದೆಯಾ?" ಎಂದು ಶಿಷ್ಯ ಮೈಕು ಕೊಟ್ಟ.

ಒಂದೇ ಒಂದು ಅಕ್ಷರ ತಿದ್ದಿದ್ದರೆ ಸಾಕಿತ್ತು, ಹದಿನಾಲ್ಕು ಪುಟವೂ ಮಣ್ಣುಪಾಲು. ಆದರೆ ಅದರ ಜೊತೆಗೆ ಕುರುಡನೂ ಹೋಗುತ್ತಿದ್ದ, ಆ ಮುದುಕಿಯ ಕಣ್ಣೀರೂ. ಇಸವಿಯಪ್ಪ ಗಂಟಲು ಸರಿಮಾಡಿಕೊಂಡ.

"ದೊಡ್ಡ ತಪ್ಪಿದೆ. ಆ ಗಾಯಕ ಯಾರೋ ಅಲ್ಲ, ನಮ್ಮ ತಾತ. ಅದನ್ನ ಇವನು ಬರೆದೇ ಇಲ್ಲ."

ಸಭೆ ಮತ್ತೆ ಎದ್ದು ನಿಂತಿತು, ಈ ಸಲ ಅವನಿಗಾಗಿ. ಜೀವಮಾನವಿಡೀ ಗಾಣದ ಎಣ್ಣೆ ಜಿಡ್ಡಿನಲ್ಲೇ ಕೈ ಸವೆಸಿದ ಆ ತಾತನನ್ನು ಬಲ್ಲ ಹೆಂಡತಿಯೊಬ್ಬಳು ಮಾತ್ರ ಕೈಕಟ್ಟಿ ಕೂತೇ ಇದ್ದಳು.