ಕೈ ಎತ್ತಿದವರು

ಕೊಚಬಾಂಬಾ ನಗರದ ಒಂದು ಸರ್ಕಾರಿ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ರಮೀರೊ ಅಂತೆಸಾನಾ ಒಬ್ಬನನ್ನು ಬಿಟ್ಟರೆ ಉಳಿದ ಡಾಕ್ಟರುಗಳೆಲ್ಲ ಹೆಂಗಸರೇ. ಆದರೂ ಅಲ್ಲಿ ಅಲ್ಲಿಯವರೆಗೆ ಮುಖ್ಯಸ್ಥರಾಗಿದ್ದವರೆಲ್ಲ ಗಂಡಸರು. ಹಳೆಯ ಮುಖ್ಯಸ್ಥರು ನಿವೃತ್ತರಾದಾಗ, ಈ ಸಲವಾದರೂ ತನ್ನ ಸರದಿ ಎಂದು ಸೊರಾಯ್ದಾ ಉರ್ಕಿದಿ ನಂಬಿದ್ದಳು. ವರ್ಷಗಟ್ಟಲೆ ವಾರ್ಡನ್ನು ನಡೆಸಿದವಳು ಅವಳೇ. ಉಸಿರು ಕಟ್ಟಿ ಬರುವ ಹಸುಗೂಸುಗಳಿಗೆ ಹೊಸ ವೆಂಟಿಲೇಟರ್ ಬೇಕೆಂದು ಆಸ್ಪತ್ರೆಯ ನಿರ್ದೇಶಕರ ಹೊಸ್ತಿಲು ಸವೆಸಿದವಳೂ ಅವಳೇ. ಹೋದಾಗಲೆಲ್ಲ ಅವರು ಕಾಫಿ ತರಿಸಿ, ನೋಡೋಣ ಡಾಕ್ಟರಮ್ಮ ಎಂದು ನಗುತ್ತ ಸಾಗಹಾಕುತ್ತಿದ್ದರು.

ಹೊಸ ಮುಖ್ಯಸ್ಥರನ್ನು ವಿಭಾಗದ ಡಾಕ್ಟರುಗಳೇ ಸಭೆಯಲ್ಲಿ ಕೈ ಎತ್ತಿ ಆರಿಸಬೇಕಿತ್ತು. ಅಂತೆಸಾನಾನ ಹೆಸರು ಬಂದಾಗ ಕೈಗಳು ಒಂದೊಂದಾಗಿ ಮೇಲೆದ್ದವು. ಕಾಲೇಜಿನಿಂದ ಸೊರಾಯ್ದಾಳ ಜೊತೆಗಿದ್ದ ಗೆಳತಿ ಗ್ರಿಸೆಲ್ದಾಳ ಕೈಯೂ ಎದ್ದಿತು. ಅವಳ ಕಡೆ ನೋಡದೆ ಎತ್ತಿದಳು.

ಮರುದಿನ ಆಸ್ಪತ್ರೆಯೆದುರಿನ ಸಾಲ್ತೆನ್ಯಾ ಕಡುಬಿನ ಅಂಗಡಿಯಲ್ಲಿ ಗ್ರಿಸೆಲ್ದಾ ತಾನಾಗಿಯೇ ಬಂದು ಸೊರಾಯ್ದಾಳ ಪಕ್ಕದಲ್ಲಿ ಕೂತಳು.

"ಅವನು ನಿರ್ದೇಶಕರ ಜೊತೆ ಕುಡಿಯೋಕೆ ಹೋಗೋನು ಕಣೇ. ಬಾಯಿಬಿಟ್ರೆ ಮೆಷಿನ್ ಬರುತ್ತೆ. ನೀನು ಕೇಳಿ ಕೇಳಿ ಏನು ಬಂತು, ಕಾಫಿ."

"ಅಷ್ಟೇನಾ?"

ಗ್ರಿಸೆಲ್ದಾ ತಿನ್ನುವುದನ್ನು ನಿಲ್ಲಿಸಿದಳು. "ಅಷ್ಟೇ ಅಲ್ಲ. ಮಗೂಗೆ ಜ್ವರ ಅಂತ ಬೇಗ ಹೊರಟ್ರೆ ಅವನು ಪಾಪ ಅಂತಾನೆ. ನೀನು ಗಡಿಯಾರ ನೋಡ್ತೀಯ."

"ಹೆಂಗಸರು ಮೈಗಳ್ಳರು ಅಂತ ಯಾರೂ ಆಡ್ಕೋಬಾರ್ದು ಅಂತ ನೋಡ್ತಿದ್ದೆ."

"ಗೊತ್ತು. ಅವರು ಆಡ್ಕೋಬಾರ್ದು ಅಂತ ನಾವು ಸಾಯ್ಬೇಕಿತ್ತು."

ಸೊರಾಯ್ದಾ ಅರ್ಧ ತಿಂದದ್ದನ್ನು ತಟ್ಟೆಯಲ್ಲೇ ಬಿಟ್ಟು ವಾರ್ಡಿಗೆ ಹೊರಟಳು.

ಮುಖ್ಯಸ್ಥನಾದ ಅಂತೆಸಾನಾ ಕೇಳಿದ್ದೇ ತಡ, ಕಾರ್ನಿವಲ್ ಹಬ್ಬಕ್ಕೆ ಮೊದಲೇ ವೆಂಟಿಲೇಟರ್ ಬಂತು. ಆದರೆ ಅದನ್ನು ನಡೆಸಲು ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ. ತುಟಿ ನೀಲಿಗಟ್ಟಿದ್ದ ಮೂರು ತಿಂಗಳ ಹೆಣ್ಣು ಕೂಸಿಗೆ ಸೊರಾಯ್ದಾಳೇ ಉಸಿರಿನ ಕೊಳವೆ ಹಾಕಿ, ಗಾಳಿಯ ಒತ್ತಡ ಹೊಂದಿಸಿದಳು. ಸ್ವಲ್ಪ ಹೊತ್ತಿಗೆ ಕೂಸಿನ ತುಟಿಗೆ ಕೆಂಪು ಮರಳಿತು. ಅಂತೆಸಾನಾ ಎಲ್ಲರೆದುರು ಅವಳ ಭುಜ ತಟ್ಟಿ, "ನೀವಿಲ್ದೆ ಈ ವಾರ್ಡು ನಡೆಯುತ್ತಾ ಡಾಕ್ಟರಮ್ಮ?" ಎಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾದ ಪ್ರೀತಿಯೇ ಇತ್ತು. ಅವಳಿಗೆ ಅದೇ ಹೆಚ್ಚು ಚುಚ್ಚಿತು.

ಸಿಟ್ಟು ಮಾಡಬೇಕೆಂದುಕೊಂಡಳು. ಆದರೆ ಕೂಸು ಉಸಿರಾಡುತ್ತಿತ್ತು. ತಾನು ಗೆದ್ದಿದ್ದರೆ ಈ ಯಂತ್ರ ಇಲ್ಲಿ ಇರುತ್ತಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ತೊಟ್ಟಿಲಿನ ಆಚೆ ನಿಂತಿದ್ದ ಗ್ರಿಸೆಲ್ದಾ ಕೂಸಿನ ನಾಡಿ ಎಣಿಸಿ ಬರೆದುಕೊಂಡಳು. ಆಮೇಲೆ ಅವರಿಬ್ಬರೂ ರೋಗಿಗಳ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ.