ಎಡದ ಮೇಲೆ ಬಲ

ಅಂಕೋಲೆಯಿಂದ ಕಾರವಾರಕ್ಕೆ ಹೊರಟ ಬಸ್ಸು ಅವರ್ಸಾದಲ್ಲಿ ನಿಂತಾಗಲೂ ವಿಜೇತಾ ಮೊಬೈಲಿನಿಂದ ತಲೆ ಎತ್ತಲಿಲ್ಲ. ಪ್ರಣತಿಯ ಮೆಸೇಜನ್ನೇ ಮತ್ತೆ ಓದುತ್ತಿದ್ದಳು. "ನಿನ್ನ ಅಂಗಿಯ ಫೋಟೋ ನೋಡಿದೆ ಮಾರಾಯ್ತಿ. ಎಡದ ಮೇಲೆ ಬಲ ಮಗ್ಗುಲು ಬರಬಾರದು. ಜಪಾನಿನಲ್ಲಿ ಹೆಣಕ್ಕೆ ಹಾಗೆ ಉಡಿಸ್ತಾರೆ. ಟೋಕಿಯೋದವರ ಪೇಜಿಗೆ ಇವತ್ತು ಫೋಟೋ ಕಳಿಸಬೇಕು. ಸರಿಯಾಗದಿದ್ರೆ ನೀನು ಅದರಲ್ಲಿ ನಿಲ್ಲೋದು ಬೇಡ."

ಮನೆಗೂ ಶಾಲೆಗೂ ಬೇಡವಾಗಿ ಟೋಕಿಯೋದ ಬೀದಿಯಲ್ಲಿ ವೇಷ ತೊಟ್ಟು ಗುಂಪುಗೂಡುವ ಹುಡುಗಿಯರ ವೀಡಿಯೋ ನೋಡಿ ನೋಡಿ, ತಾನು ಕೆಲಸ ಮಾಡುವ ಅಂಕೋಲೆಯ ಟೇಲರ್ ಅಂಗಡಿಯಲ್ಲಿ ಮಾಲೀಕ ಊಟಕ್ಕೆ ಹೋದಾಗಲೆಲ್ಲ ಹೊಲಿದ ಅಂಗಿ ಅದು. ಕಪ್ಪು ಬಟ್ಟೆ, ಅಗಲ ತೋಳು, ಮೇಲಿನ ಮಗ್ಗುಲಿಗೆ ಬಿಳಿ ಲೇಸು. ಆ ಹುಡುಗಿಯರು ಮೊಬೈಲನ್ನು ಕನ್ನಡಿಯ ಹಾಗೆ ಹಿಡಿದು ತಮ್ಮ ವೀಡಿಯೋ ತೆಗೆದುಕೊಂಡಿದ್ದರು. ಅದರಲ್ಲಿ ಎಡ ಬಲವಾಗುತ್ತದೆಂದು ಅವಳಿಗೆ ಹೊಳೆದಿರಲಿಲ್ಲ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳಿಗೆ, ಭಾನುವಾರ ಕಾರವಾರದ ಕಡಲದಂಡೆಯಲ್ಲಿ ಅವರಂತೆ ವೇಷ ತೊಟ್ಟು ಸೇರುವ ಪ್ರಣತಿ, ಆಶಿಷರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

"ಅತ್ಲಾಗೆ ಸರಿಯೇ ಹೆಣ್ಣೇ."

ಸ್ವಂತ ಅಜ್ಜಿ ಸುಬ್ಬಿ. ಸಂತೆಗೆ ಹೊರಟ ಹರಿವೆಸೊಪ್ಪಿನ ಬುಟ್ಟಿ ಸೊಂಟದಲ್ಲಿತ್ತು. ಮೊದಲಿನ ಬಸ್ಸು ತಪ್ಪಿರಬೇಕು. ತೊಟ್ಟ ಅಂಗಿಯನ್ನು ಮುಚ್ಚಲು ವಿಜೇತಾ ದುಪಟ್ಟಾ ಎಳೆದುಕೊಳ್ಳುವಷ್ಟರಲ್ಲಿ ಅಜ್ಜಿ ಪಕ್ಕದಲ್ಲೇ ಕೂತು ಅದನ್ನು ಬೆರಳಿಂದ ಸರಿಸಿ ಆಗಿತ್ತು.

"ಅಂಗ್ಡಿಗೆ ಹೋತೆ ಅಂದಿದ್ಯಲ್ಲೇ. ಇದೆಂತ ಕಾಗೆ ವೇಷ?"

"ನಾನೇ ಹೊಲಿದದ್ದು."

"ನಿನ್ನ ಅಪ್ಪ ಕಂಡ್ರೆ ಒಲೆಗೆ ಹಾಕ್ತ."

"ಹಾಕ್ಲಿ," ಎಂದಳು ವಿಜೇತಾ. "ಹೇಗೂ ತಪ್ಪಾಗ್ಯದೆ. ಬಲದ್ದು ಮೇಲೆ ಬಂದದೆ. ಆ ದೇಶದಲ್ಲಿ ಸತ್ತವ್ರಿಗೆ ಹೀಂಗೆ ಉಡಿಸ್ತ್ರಂತೆ."

ಅಜ್ಜಿ ಮುಟ್ಟಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ಮೊದ್ಲೇ ಹೇಳೂಕೆ ಆಗಲ್ವೇ? ಬಿಚ್ಚು."

"ಬಸ್ಸಲ್ಲೇ?"

"ಮತ್ತೆ ಮಸಣಕ್ಕೆ ಹೋಗಿ ಬಿಚ್ತ್ಯೇ?"

ಒಳಗೆ ಟೀಶರ್ಟಿತ್ತು. ಅಜ್ಜಿ ಬುಟ್ಟಿಯನ್ನು ಮರೆಗೆ ಎತ್ತಿ ಹಿಡಿದಳು. ಮಗ್ಗುಲು ಬದಲಿಸಿದರೆ ಗುಂಡಿ ಕೂರಲಿಲ್ಲ. ಲೇಸೆಲ್ಲ ಒಳಗೆ ಹೋಯಿತು. ಅಜ್ಜಿ ಕೊರಳು ತುಂಬಿದ ಮಣಿಸರಗಳಲ್ಲಿ ಬೆರಳಾಡಿಸಿ, ಮುಳ್ಳು ತೆಗೆಯಲೆಂದು ಸಿಕ್ಕಿಸಿಟ್ಟಿದ್ದ ಪಿನ್ನು ಕಳಚಿ, ಎಡಮಗ್ಗುಲನ್ನು ಮೇಲೆ ತಂದು ಚುಚ್ಚಿದಳು.

ಮುಂದಿನ ಸೀಟಿನ ಪೇಟೆಯವನೊಬ್ಬ ತಿರುಗಿ ಮೊಬೈಲು ಎತ್ತಿದ. ವಿಜೇತಾ ಮುಖ ಮುಚ್ಚಿಕೊಂಡಳು. ಅಜ್ಜಿ ಮಣಿಸರ ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ನನ್ನ ಫೋಟೋ ತೆಗಿತ ಅವ. ಸಂತೇಲೂ ಹೀಂಗೇಯ. ಒಂದು ಕಟ್ಟು ಸೊಪ್ಪು ಮಾತ್ರ ಕೊಳ್ಳೂದಿಲ್ಲ."

ಕಾರವಾರದಲ್ಲಿ ಇಳಿದಾಗ ವಿಜೇತಾ ಮೆಲ್ಲಗೆ ಕೇಳಿದಳು. "ಅಪ್ಪಂಗೆ ಹೇಳ್ತ್ಯಾ ಅಜ್ಜಿ?"

ಅಜ್ಜಿ ಬುಟ್ಟಿ ತಲೆಗೇರಿಸಿದಳು. "ಸಂಜೀಗೆ ಪಿನ್ನು ತಂದ್ಕೊಡು," ಎಂದು ಜನರ ನಡುವೆ ಹೋದಳು.

ಕಡಲ ಕಡೆಯ ರಸ್ತೆಯಲ್ಲಿ ಗಾಳಿ ಎದುರಾಯಿತು. ವಿಜೇತಾ ದುಪಟ್ಟಾ ತೆಗೆದು ಮಡಚಿ, ಒಂದು ಕೈಯಲ್ಲಿ ಪಿನ್ನನ್ನು ಒತ್ತಿ ಹಿಡಿದು ನಡೆದಳು. ಕಾಣದ ಲೇಸು ಒಳಗೆ ಪಕ್ಕೆಯನ್ನು ಪರಚುತ್ತಿತ್ತು.