ಸೊಣ್ಣಪ್ಪನೂ ಮೀನ್ ರೇಡಿಯೋವೂ

ಸೊಣ್ಣಪ್ಪನ ತಲೆ ಯಾವಾಗಲೂ ಎಡಕ್ಕೆ ವಾಲಿಕೊಂಡೇ ಇರುತ್ತಿತ್ತು. ಮೊದಲ ಸಲ ನೋಡಿದವರು ಕತ್ತು ಉಳುಕಿರಬೇಕೆಂದು ಮರುಗುತ್ತಿದ್ದರು. ಬೂದಿಗೆರೆಯಿಂದ ಎರಡು ಹರದಾರಿ ದೂರದ ಗುಟ್ಟೆಕೆರೆಯ ದಂಡೆಯ ಮೇಲೆ ಹುಟ್ಟಿ ಬೆಳೆದವರಿಗೆ ಮಾತ್ರ ಅದು ಕಾಯಿಲೆಯಲ್ಲ, ಕಸುಬು ಎಂದು ಗೊತ್ತಿತ್ತು. ಮೂವತ್ತು ವರ್ಷ ಹರಿಗೋಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಹುಟ್ಟುಗೋಲಿನ ಅಲಗನ್ನು ನೀರಿಗಿಳಿಸಿ, ಅದರ ಹಿಡಿಯನ್ನು ಎಡಗಿವಿಗೆ ಒತ್ತಿಕೊಂಡು ಕೆರೆಯ ಒಳಗಿನ ಸಣ್ಣ ಸದ್ದುಗಳನ್ನು ಆಲಿಸುತ್ತ ಬಂದವನ ಕತ್ತು, ದಡಕ್ಕೆ ಬಂದ ಮೇಲೂ ನೆಟ್ಟಗಾಗುವುದನ್ನು ಮರೆತುಬಿಟ್ಟಿತ್ತು. ಕಾಟ್ಲಾ ಮೀನು ಬಾಯಿ ಸವರುವ ಸದ್ದು ಬೇರೆ, ಕೊರವ ಮೀನು ಉಸಿರಿಗೆ ಮೇಲೆದ್ದು ಮುಳುಗುವ ಸದ್ದು ಬೇರೆ. ಎರಡೂ ಅವನಿಗೆ ಅಕ್ಕಪಕ್ಕದ ಮನೆಯವರ ದನಿಗಳಷ್ಟೇ ಸ್ಪಷ್ಟ.

ಮೈಮೇಲೆ ಮಳೆ ಬಿಸಿಲೆನ್ನದೆ ಒಂದು ಖಾಕಿ ಕೋಟು. ನಿವೃತ್ತನಾದ ಯಾವನೋ ಅರಣ್ಯ ಕಾವಲುಗಾರ ಕೊಟ್ಟದ್ದು. ಅದರ ಹಿತ್ತಾಳೆ ಗುಂಡಿಗಳು ಹರಿಗೋಲಿನ ಅಂಚಿಗೆ ತಾಗಿ ಟಣ್ ಎನ್ನುತ್ತವೆಂದು ಅವನ್ನೆಲ್ಲ ಕಿತ್ತು, ಅವುಗಳ ಜಾಗದಲ್ಲಿ ದಾರದ ಗಂಟುಗಳನ್ನು ಹಾಕಿಕೊಂಡಿದ್ದ. ಏರಿಯ ಮೇಲೆ ನಡೆಯುವಾಗ ಹಿಮ್ಮಡಿಯನ್ನು ಮೊದಲು ಮೆಲ್ಲಗೆ ಊರಿ, ಆಮೇಲೆ ಪಾದವನ್ನು ಬಿಡುತ್ತಿದ್ದ. ಮಲಗಿದವರ ಮಗ್ಗುಲಲ್ಲಿ ಹಾದುಹೋಗುವವರ ನಡಿಗೆ ಅದು. ಆ ಏರಿಯ ಮೇಲೆ ಅವನು ದನಿ ಎತ್ತಿ ಮಾತಾಡಿದ್ದನ್ನು ಕೇಳಿದವರಿರಲಿಲ್ಲ.

ಅವನ ವರದಿಯೂ ಅಷ್ಟೇ ಸಣ್ಣದು. "ತೂಬಿಂದ ನಲವತ್ತು ಮಾರು. ಕಾಟ್ಲಾ. ಒಂದೈವತ್ತು." ಎಂಬತ್ತು ಮೀನು ಕೇಳಿಸಿದ್ದರೆ ಐವತ್ತು ಅನ್ನುತ್ತಿದ್ದ, ಐವತ್ತಿದ್ದರೆ ಮೂವತ್ತು. ಹೀಗೇಕೆ ಇಳಿಸಿ ಹೇಳುತ್ತೀಯೆಂದು ಯಾರೋ ಕೇಳಿದಾಗ, "ಬಲೆ ಖಾಲಿ ಬಂದ್ರೆ ಬೀಸಿದೋನು ಮನೇಗೋಗಿ ಹೆಂಡ್ತಿ ಮುಖ ನೋಡಬೇಕಲ್ಲಪ್ಪಾ" ಎಂದಿದ್ದನಂತೆ.

ಆ ಬಲೆ ಬೀಸುತ್ತಿದ್ದವನು ಅವನ ತಮ್ಮ ಬೈರಪ್ಪ. ಅಣ್ಣನಿಗಿಂತ ಎಂಟು ವರ್ಷ ಕಿರಿಯ, ಬಾಯಾಳಿ, ನಗೆಗಾರ. ಅಣ್ಣ ಉಳಿಸಿದ ಮಾತುಗಳನ್ನೆಲ್ಲ ತಾನೇ ಖರ್ಚು ಮಾಡಬೇಕೆಂಬ ಹರಕೆ ಹೊತ್ತವನ ಹಾಗೆ ದಿನವಿಡೀ ಮಾತಾಡುವವನು. ಬಲೆ ಎಲ್ಲಾದರೂ ಸಿಕ್ಕಿಕೊಂಡರೆ ಮುಳುಗಿ ಬಿಡಿಸುವುದೂ ಅವನ ಕೆಲಸವೇ. "ಮೀನು ನಮ್ಮಣ್ಣನ ಹತ್ರ ಹೆಸರು ಬರೆಸಿ ಹೋಗ್ತವೆ ಕಣ್ರಲಾ" ಎಂದು ಅಣ್ಣನ ಎದುರಿಗೇ ಗೇಲಿ ಮಾಡುತ್ತಿದ್ದ. ಆದರೆ ಅಣ್ಣ ಇಲ್ಲಿ ಬೀಸು ಅಂದರೆ ಏಕೆ ಎಂದು ಒಮ್ಮೆಯೂ ಕೇಳಿದವನಲ್ಲ.

ಎಪ್ಪತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ ಗುಟ್ಟೆಕೆರೆಯ ಮೀನುಗಾರರ ಸಂಘಕ್ಕೆ ಒಂದು ಯಂತ್ರ ಮಂಜೂರಾಯಿತು. ನೀರಿನೊಳಗೆ ಶಬ್ದವನ್ನು ಕಳಿಸಿ, ಅದು ತಾಗಿ ಹಿಂತಿರುಗುವುದನ್ನು ಹಿಡಿದು ಮೀನಿನ ಜಾಗ ತೋರಿಸುವ ಯಂತ್ರ. ಎರಡು ನಮೂನೆಗಳು ಪರೀಕ್ಷೆಗೆ ಬರುತ್ತವೆ, ಯಾವುದು ಬೇಕೆಂದು ಸಂಘವೇ ಆರಿಸಿ ವರದಿ ಕಳಿಸಬೇಕು ಎಂದು ಮೇಲಿನಿಂದ ಕಾಗದ ಬಂತು. ಸಂಘದ ಕಾರ್ಯದರ್ಶಿ ಆದಿನಾರಾಯಣಪ್ಪ ದೇವನಹಳ್ಳಿಯಲ್ಲಿ ಕೆಲವು ವರ್ಷ ಗುಮಾಸ್ತಿಕೆ ಮಾಡಿ ಬಂದವನು, ಕೈಶುದ್ಧ ಮನುಷ್ಯ. ಕಾಗದದ ಮೇಲೆ ಬೀಳದ ಸಂಗತಿ ನಡೆದೇ ಇಲ್ಲ ಎಂಬುದು ಅವನ ನಂಬಿಕೆ. ಯಂತ್ರಗಳನ್ನು ಯಾವುದಕ್ಕೆ ಹೋಲಿಸಿ ಪರೀಕ್ಷಿಸುವುದೆಂದು ಯೋಚಿಸಿ ಅವನು ಸೊಣ್ಣಪ್ಪನಿಗೇ ಹೇಳಿಕಳಿಸಿದ.

"ನಿನ್ ಕೆಲಸ ಕಿತ್ಕೊಳ್ಳೋ ಯಂತ್ರಾನ ನೀನೇ ಆರಿಸ್ಕೊಡ್ತೀಯಾ?" ಎಂದು ಬೈರಪ್ಪ ರೇಗಿದ.

ಸೊಣ್ಣಪ್ಪ ಯಾರಿಗೂ ಹೇಳಿರದ ಒಂದು ಮಾತನ್ನು ಹೇಳಿದ. "ಬಲಗಿವಿ ಹೋಗಿ ಎರಡು ವರ್ಷ ಆಯ್ತು ಕಣೋ. ಎಡಗಿವೀನೂ ಹೋದ್ರೆ ಬಲೆ ಎಲ್ಲಿ ಬೀಸು ಅಂತ ನಿನಗ್ಯಾರು ಹೇಳ್ತಾರೆ? ಒಳ್ಳೇದೊಂದು ನೋಡಿ ಇಡ್ಬೇಕು."

ಜೀಪಿನಲ್ಲಿ ಎರಡು ಪೆಟ್ಟಿಗೆಗಳು ಬಂದವು. ಊರವರು ಎರಡಕ್ಕೂ ಮೀನ್ ರೇಡಿಯೋ ಎಂದೇ ಹೆಸರಿಟ್ಟರು. ಒಂದು ಹಸಿರು ಪೆಟ್ಟಿಗೆ. ಅದರ ದುಂಡು ಮುಖದೊಳಗೆ ಕೆಂಪು ದೀಪವೊಂದು ಗಿರ್ರನೆ ಸುತ್ತುತ್ತ, ಮೀನಿದ್ದ ಆಳದ ಅಂಕೆಯ ಬಳಿ ಮಿನುಗಿ ಆರುತ್ತಿತ್ತು. ಇನ್ನೊಂದು ಬಿಳಿಯದು, ಅದರಲ್ಲಿ ಕಾಗದದ ಸುರುಳಿ ಬಿಚ್ಚಿಕೊಳ್ಳುತ್ತ ಹೋದಂತೆ ಸೂಜಿಯೊಂದು ಕೆರೆಯ ತಳವನ್ನು ದಪ್ಪ ಗೆರೆಯಾಗಿ, ಮೀನನ್ನು ಕರಿ ಚುಕ್ಕೆಗಳಾಗಿ ಬರೆಯುತ್ತಿತ್ತು. ಯಂತ್ರ ತಂದವನು, ಕಾರ್ಯದರ್ಶಿ, ಸೊಣ್ಣಪ್ಪ ಮೂವರೂ ಮೋಟಾರಿನ ಬ್ಯಾಟರಿ ಸಮೇತ ಹರಿಗೋಲು ಹತ್ತಿದರು.

ಮೊದಲ ದಿನ ಬಯಲು ನೀರಿನಲ್ಲಿ ಎರಡೂ ಸರಿಯಾಗಿಯೇ ಹೇಳಿದವು. ಎರಡನೆಯ ದಿನ ಸೊಣ್ಣಪ್ಪ ಹರಿಗೋಲನ್ನು ಬೇಕೆಂದೇ ಮೂಡಣ ಮೂಲೆಗೆ ತಿರುಗಿಸಿದ. ಎಂಟು ವರ್ಷದ ಹಿಂದೆ ಏರಿ ಎತ್ತರಿಸಿದಾಗ ಅಲ್ಲಿದ್ದ ಹೊಂಗೆತೋಪು ಪೂರ್ತಿ ಮುಳುಗಿಹೋಗಿತ್ತು. ಬಿಳಿ ಪೆಟ್ಟಿಗೆಯ ಸೂಜಿ ಅಲ್ಲಿ ಹುಚ್ಚೆದ್ದು ಬರೆಯತೊಡಗಿತು. "ನೋಡಿ ಸಾರ್, ಎಂಥಾ ದೊಡ್ಡ ಗುಂಪು!" ಎಂದು ಯಂತ್ರ ತಂದವನು ಹಿಗ್ಗಿದ. ಸೊಣ್ಣಪ್ಪ ಹುಟ್ಟುಗೋಲು ಇಳಿಸಿ ಆಲಿಸಿದ. ಒಳಗೆ ಏನೂ ಇರಲಿಲ್ಲ.

"ಅದು ಮರ" ಎಂದ.

ಆಮೇಲೆ ಹಸಿರು ಪೆಟ್ಟಿಗೆಯನ್ನು ಹಚ್ಚಿಸಿ, ತೋಪಿನ ಮೇಲೊಮ್ಮೆ, ಮೀನಿನ ಮೇಲೊಮ್ಮೆ ಹರಿಗೋಲನ್ನು ಐದಾರು ಸಲ ಆಡಿಸಿದ. ಅವನ ಬೆರಳು ಗಾಜಿನ ಮೇಲಿತ್ತು, ಕಣ್ಣು ಮುಚ್ಚಿ ತೆರೆಯುತ್ತಿತ್ತು. ಕೊನೆಗೆ ಅವನ ಜೀವಮಾನದಲ್ಲಿಯೇ ಉದ್ದವೆನ್ನಬಹುದಾದ ಮಾತೊಂದು ಬಂತು. "ಇದನ್ನ ತಗೊಳ್ಳಿ. ಮೀನಿದ್ರೆ ಈ ದೀಪ ನಡುಗ್ತದೆ, ಮರ ಆದ್ರೆ ನಿಂತ್ಕೊಳ್ತದೆ. ಬಿಳೀದಕ್ಕೆ ಎರಡೂ ಒಂದೇ. ಅದನ್ನ ನಂಬಿ ಈ ಮೂಲೇಲಿ ಬಲೆ ಬಿಟ್ರೆ ಕೆಡ್ತೀರಿ."

ಆದಿನಾರಾಯಣಪ್ಪ ಕಾಗದದ ಸುರುಳಿಯನ್ನು ಜೋಪಾನವಾಗಿ ಮಡಿಸುತ್ತಿದ್ದ. "ನೀನು ಹೇಳೋದು ಸರಿಯಿರಬಹುದು ಸೊಣ್ಣಪ್ಪ. ಆದ್ರೆ ದೀಪ ಆರಿದ್ಮೇಲೆ ಮೇಲಿನವರಿಗೆ ನಾನೇನು ತೋರಿಸ್ಲಿ? ಇದಾದ್ರೆ ಫೈಲಿಗೆ ಸೇರುತ್ತೆ."

ಮೂರನೆಯ ದಿನ ಮಧ್ಯಾಹ್ನ ಸೊಣ್ಣಪ್ಪನನ್ನು ಸಂಘದ ಕೋಣೆಗೆ ಕರೆಸಿದರು. ಸಂಘ ಹುಟ್ಟಿದಂದಿನಿಂದ ಅವನು ಅಲ್ಲಿ ಹೊಸ್ತಿಲ ಬಳಿ ನೆಲದ ಮೇಲೆ ಕೂರುತ್ತಿದ್ದವನು. ಅಂದು ಕುರ್ಚಿ ಹಾಕಿದರು, ಕಾಫಿ ತರಿಸಿದರು. "ಕೂತ್ಕೊಳ್ಳಿ ಸೊಣ್ಣಪ್ಪನವರೇ" ಎಂದ ಆದಿನಾರಾಯಣಪ್ಪ. ಮೇಜಿನ ಮೇಲೆ ವರದಿಯಿತ್ತು, ಪಕ್ಕದಲ್ಲಿ ಶಾಯಿಯ ಡಬ್ಬಿ.

"ನಾನ್ ಹೇಳಿದ್ದು ಬರ್ದಿದೀರಾ?"

"ಎಲ್ಲಾ ಬರ್ದಿದೀನಿ."

ಅದು ಸುಳ್ಳೂ ಆಗಿರಲಿಲ್ಲ. ಮೂಡಣ ಮೂಲೆಯಲ್ಲಿ ಎಚ್ಚರಿಕೆ ಅಗತ್ಯವೆಂದು ನಾಲ್ಕನೆಯ ಪುಟದಲ್ಲಿ ಒಂದು ಸಾಲಿತ್ತು. ಅನುಭವಿ ಮೀನುಗಾರ ಶ್ರೀ ಸೊಣ್ಣಪ್ಪನವರು ಎರಡನ್ನೂ ಪರೀಕ್ಷಿಸಿ ಬಿಳಿ ಯಂತ್ರವನ್ನು ಅನುಮೋದಿಸಿದ್ದಾರೆಂದು ಮೊದಲನೆಯ ಪುಟದಲ್ಲಿತ್ತು. ಓದು ಬಾರದ ಸೊಣ್ಣಪ್ಪನಿಗೆ ಪುಟಗಳ ಸಂಗತಿ ತಿಳಿಯಲಿಲ್ಲ. ಆದರೆ ಮೂರು ಆಳು ನೀರಿನಡಿಯ ಸದ್ದನ್ನು ಬಿಡಿಸಿ ಹೇಳಬಲ್ಲವನಿಗೆ ಎದುರಿಗೆ ಕೂತವನ ದನಿಯೊಳಗೆ ಏನೋ ಅಡಗಿದೆಯೆಂದು ಕೇಳಿಸದೆ ಇರಲಿಲ್ಲ. ಕಾರ್ಯದರ್ಶಿ ಕಣ್ಣೆತ್ತಿ ನೋಡಲಿಲ್ಲ ಎಂಬುದನ್ನೂ ಗಮನಿಸಿದ. ಇನ್ನೊಮ್ಮೆ ಕೇಳಬೇಕು, ಪೂರ್ತಿ ಓದಿಸಬೇಕು ಅನ್ನಿಸಿತು. ಕುರ್ಚಿಯ ಮೇಲೆ ಕೂರಿಸಿ ಬಹುವಚನದಲ್ಲಿ ಮಾತಾಡಿಸಿದವರನ್ನು ಅನುಮಾನಿಸುವುದು ಸಣ್ಣತನವೆಂದೂ ಅನ್ನಿಸಿತು. ಹೆಬ್ಬೆಟ್ಟು ಒತ್ತಿದ.

ದೀಪಾವಳಿ ಕಳೆದ ಮೇಲೆ ಬಿಳಿ ಯಂತ್ರವೇ ಬಂತು. ಅದನ್ನು ನೋಡಿಕೊಳ್ಳಲು ಸಂಘದ ಗುಮಾಸ್ತನೊಬ್ಬ ತರಬೇತಿ ಪಡೆದು ಬಂದ. ಸೊಣ್ಣಪ್ಪನನ್ನು ಬೇಡವೆಂದು ಯಾರೂ ಹೇಳಲಿಲ್ಲ, ಬಾ ಎಂದೂ ಕರೆಯಲಿಲ್ಲ. ಅವನು ಏರಿಯ ಮೇಲೆ ಕೂತು ನೋಡುತ್ತಿದ್ದ. ಬಯಲು ನೀರಿನಲ್ಲಿ ಬಲೆಗಳು ತುಂಬಿ ಬಂದವು. ಯಾವ ಯಂತ್ರ ಬಂದಿದೆಯೆಂದು ಕಂಡಾಗಲೂ ಅವನು ತಮ್ಮನ ಹತ್ತಿರ ಬಾಯಿ ಬಿಡಲಿಲ್ಲ. ತನ್ನ ಮಾತನ್ನು ಮೂಲೆಗೆ ಒತ್ತಿದರೆಂದು ಹೇಳಿಕೊಳ್ಳಲು ನಾಚಿಕೆಯಾಯಿತು. ಬೈರಪ್ಪನಿಗಂತೂ ತೋಪು ಎಲ್ಲಿದೆಯೆಂದು ಗೊತ್ತೇ ಇದೆ, ಆ ಕಡೆ ಅವನೇಕೆ ಹೋಗುತ್ತಾನೆ ಎಂದು ಸಮಾಧಾನ ಮಾಡಿಕೊಂಡ.

ಮಾಘಮಾಸದ ಒಂದು ಬೆಳಗ್ಗೆ ಹರಿಗೋಲು ಮೂಡಣ ಮೂಲೆಗೆ ಹೋಯಿತು. ಕಾಗದ ಕಪ್ಪಾಯಿತು. ಅಲ್ಲಿ ನಡೆದ ಮಾತನ್ನು ಗುಮಾಸ್ತ ಆಮೇಲೆ ಅಳುತ್ತ ಹೇಳಿದ. ಬೈರಪ್ಪ, "ಇದು ತೋಪಲ್ವಾ? ಮರಾನೇ ತೋರಿಸ್ತಾ ಐತೆ" ಎಂದನಂತೆ. "ನಿಮ್ಮಣ್ಣನೇ ಪರೀಕ್ಷೆ ಮಾಡಿ ಹೆಬ್ಬೆಟ್ಟು ಒತ್ತಿದಾನೆ, ನಿನಗೇನು ಅನುಮಾನ?" ಎಂದು ಗುಮಾಸ್ತ ಕೇಳಿದ್ದಕ್ಕೆ, "ನಮ್ಮಣ್ಣ ಒಪ್ಪವನೆ ಅಂದ್ರೆ ಸರಿ ಬಿಡು" ಎಂದು ನಕ್ಕು ಬಲೆ ಬಿಟ್ಟನಂತೆ.

ಹೊಸ ನೈಲಾನ್ ಬಲೆ, ಹರಿಯುವಂಥದ್ದಲ್ಲ. ಸಿಕ್ಕಿಕೊಂಡಿತು. ಬಿಡಿಸಲು ಬೈರಪ್ಪ ಇಳಿದ. ಏರಿಯ ಮೇಲಿಂದ ಸೊಣ್ಣಪ್ಪ ಹರಿಗೋಲು ನಿಂತ ಜಾಗವನ್ನು ಕಂಡು ಎದ್ದು ನಿಂತು ಕೂಗಿದ. ಎದುರುಗಾಳಿ ಕೂಗನ್ನು ಊರ ಕಡೆಗೆ ಒಯ್ದಿತು. ತಮ್ಮನ ತಲೆ ಒಮ್ಮೆ ಮೇಲೆ ಬಂತು. ಎರಡನೆಯ ಸಲವೂ ಬಂತು. ಆಮೇಲೆ ಬರಲಿಲ್ಲ. ಬಲೆಯನ್ನು ಕೊಯ್ದು ಅವನನ್ನು ಮೇಲೆ ತರುವ ಹೊತ್ತಿಗೆ ಬಿಸಿಲು ನೆತ್ತಿ ದಾಟಿತ್ತು. ಹೊಂಗೆಯ ಕೊಂಬೆಯೊಂದು ಅವನ ಜೊತೆಗೇ ಸುತ್ತಿಕೊಂಡು ಬಂತು.

ವಿಚಾರಣೆಗೆ ಬಂದವರು ಫೈಲು ಓದಿದರು. ಯಂತ್ರದ ಆಯ್ಕೆ ಸ್ಥಳೀಯ ಅನುಭವಿಯ ಅನುಮೋದನೆಯಂತೆ ನಡೆದಿದೆ, ಮೂಡಣ ಮೂಲೆಯ ಬಗ್ಗೆ ಎಚ್ಚರಿಕೆಯನ್ನೂ ದಾಖಲಿಸಲಾಗಿದೆ, ಸಂಘದ ಕಡೆಯಿಂದ ಲೋಪವಿಲ್ಲ ಎಂದು ಬರೆದು ಹೋದರು. ಊರಿನಲ್ಲಿ ಉಳಿದದ್ದು ಸೊಣ್ಣಪ್ಪ ಒಪ್ಪಿದ್ದನಂತೆ ಎಂಬ ಒಂದೇ ಮಾತು. ಹದಿಮೂರನೆಯ ದಿನ ಬೈರಪ್ಪನ ಹೆಂಡತಿ ಅಕ್ಕಯಮ್ಮ ಸೊಣ್ಣಪ್ಪನ ಮುಂದೆ ಬಂದು ನಿಂತಳು.

"ಭಾವ, ಅದು ಬೇಕು ಅಂದ್ಯಾ, ಬೇಡ ಅಂದ್ಯಾ? ಒಂದು ಮಾತು ಹೇಳ್ಬಿಡು."

"ಬೇಡ ಅಂದೆ. ಆಮೇಲೆ ಹೆಬ್ಬೆಟ್ಟು ಒತ್ತಿದೆ."

ಆ ವಾರವೇ ಅವಳು ಮಧುರೆ ಹೋಬಳಿಯ ತನ್ನ ತವರಿಗೆ ಹೊರಟುಹೋದಳು, ಹೋಗುವಾಗ ಇವನ ಬಾಗಿಲಿಗೆ ಬರಲಿಲ್ಲ.

ಆದಿನಾರಾಯಣಪ್ಪ ಒಂದು ಸಂಜೆ ಬಂದ. ಬಹಳ ಇಳಿದುಹೋಗಿದ್ದ. "ನಾಲ್ಕನೇ ಪುಟದಲ್ಲಿ ನೀನು ಹೇಳಿದ್ದು ಬರೆದಿದ್ದೆ ಸೊಣ್ಣಪ್ಪ, ಸತ್ಯವಾಗ್ಲೂ" ಎಂದ. "ಅದನ್ನ ಓದೋಕೆ ಬೈರ ಬರ್ತಾನಾ?" ಎಂದು ಕೇಳಿ ಸೊಣ್ಣಪ್ಪ ಒಳಗೆ ಹೋದ. ಯಂತ್ರವನ್ನು ಬೀರುವಿಗೆ ಸೇರಿಸಿದ ಸಂಘದವರು ಮತ್ತೆ ಕೆರೆಗೆ ಬಾ ಎಂದು ಎರಡು ಸಲ ಕರೆದರು. ಅವನು ಹರಿಗೋಲು ಮುಟ್ಟಲಿಲ್ಲ. ಎಪ್ಪತ್ತೆಂಟನೆಯ ಇಸವಿಯಲ್ಲಿ ಸಾಯುವವರೆಗೆ ಬೇರೆಯವರ ಹೊಲದಲ್ಲಿ ಕಾವಲಿದ್ದುಕೊಂಡು ಬದುಕಿದ.

ಇಂಥವರು ಎಲ್ಲ ಊರುಗಳಲ್ಲೂ ಒಬ್ಬಿಬ್ಬರಿರುತ್ತಾರೆ. ದೇಹದಲ್ಲಿ ವಿದ್ಯೆಯನ್ನು ಹೊತ್ತವರು, ಸತ್ಯವನ್ನು ಒಂದು ಸಲ ಹೇಳಿದರೆ ಸಾಕು, ಅದು ತಾನಾಗಿಯೇ ನಿಲ್ಲುತ್ತದೆಂದು ನಂಬಿದವರು. ಹೇಳಿದ ಮಾತನ್ನು ಕಾಯಲೂ ಬೇಕಾಗುತ್ತದೆಂದು ಅವರಿಗೆ ಯಾರೂ ಕಲಿಸಿರುವುದಿಲ್ಲ. ಅವರನ್ನು ಬೆದರಿಸಿ ಬಗ್ಗಿಸಲಾಗದು. ಆದರೆ ಆಯುಷ್ಯವಿಡೀ ಸಿಗದೆ ಹೋದ ಮರ್ಯಾದೆ ಒಂದು ಮಧ್ಯಾಹ್ನ ಕುರ್ಚಿಯ ರೂಪದಲ್ಲಿ ಎದುರಾದರೆ, ಅದನ್ನು ತಳ್ಳಿ ಎದ್ದು ನಿಲ್ಲುವಷ್ಟು ಒರಟುತನ ಅವರಲ್ಲಿ ಇರುವುದಿಲ್ಲ. ಆಮೇಲೆ ಎಲ್ಲರೂ ತಮ್ಮ ತಮ್ಮ ಪಾಲಿನ ತಪ್ಪನ್ನು ಮೆಲ್ಲಗೆ ಅವರ ಬಾಗಿಲಲ್ಲಿ ಇಳಿಸಿ ಹೋಗುತ್ತಾರೆ. ಅವರು ಅದನ್ನೂ ತಮ್ಮದೆಂದೇ ತಿಳಿದು ಒಳಗೆ ತೆಗೆದುಕೊಳ್ಳುತ್ತಾರೆ.